ಸಮ ಬಂದವರ ಲೆಕ್ಕ

ಬಯಲುಸೀಮೆಯಲ್ಲಿ ಊರಿನ ಹೆಸರಿನ ಕೊನೆಗೆ ಸಮುದ್ರ ಎಂದಿದ್ದರೆ ಅದನ್ನು ಕೆರೆ ಎಂದು ಓದಿಕೊಳ್ಳಬೇಕು. ನಮ್ಮ ಬಲಸಮುದ್ರದ ಕಡೆ ಮಳೆ ಕೈಕೊಟ್ಟ ವರ್ಷ ಕೆರೆಯಂಗಳವೇ ಕ್ರಿಕೆಟ್ ಮೈದಾನ. ಕಡಲೆಕಾಯಿ ಕಿತ್ತು, ರಾಗಿ ಒಕ್ಕಣೆ ಮುಗಿದು ಕೈ ಖಾಲಿಯಾದ ದಿನಗಳಲ್ಲಿ ಒಂದು ಶಾಮಿಯಾನ, ಒಂದು ಮೈಕ್ ಸೆಟ್, ಎರಡು ಟೆನಿಸ್ ಬಾಲಿನ ಡಬ್ಬ ಹೊಂದಿಸಿಕೊಂಡರೆ ಟೂರ್ನಮೆಂಟು ಶುರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲೂಕುಗಳ ಹುಡುಗರು ಬೈಕಿಗೆ ಮೂವರಂತೆ ಬಂದಿಳಿಯುತ್ತಾರೆ.

ಹಾಗೆ ನಡೆದ ಒಂದು ಪಂದ್ಯಾವಳಿಯಲ್ಲಿ ಅಂಕಪಟ್ಟಿಯ ಜವಾಬ್ದಾರಿ ನನ್ನದಾಗಿತ್ತು. ಕಾರಣ ಇಷ್ಟೇ: ಊರಿನಲ್ಲಿ ಲ್ಯಾಪ್‌ಟಾಪ್ ಇದ್ದವನು ನಾನು. ನಾಲ್ಕು ತಂಡ, ಎಂಟು ಓವರಿನ ಪಂದ್ಯ, ಪ್ರತಿ ತಂಡಕ್ಕೂ ಮೂರು ಆಟ, ಗೆದ್ದರೆ ಎರಡು ಅಂಕ. ಮೇಲಿನ ಎರಡು ತಂಡಗಳಿಗೆ ಫೈನಲ್. ಸಂಜೆಯ ಹೊತ್ತಿಗೆ ಮೂರು ತಂಡಗಳಿಗೆ ತಲಾ ನಾಲ್ಕು ಅಂಕ, ನಾಲ್ಕನೆಯದಕ್ಕೆ ಸೊನ್ನೆ. ಒಂದನೆಯವರು ಎರಡನೆಯವರನ್ನು ಸೋಲಿಸಿದ್ದರು, ಎರಡನೆಯವರು ಮೂರನೆಯವರನ್ನು, ಮೂರನೆಯವರು ಒಂದನೆಯವರನ್ನು. ಯಾರು ಯಾರನ್ನು ಸೋಲಿಸಿದರು ಎಂದು ನೋಡಿ ಬಿಡಿಸುವ ಗಂಟಾಗಿರಲಿಲ್ಲ ಅದು. ರನ್ ರೇಟ್ ನೋಡೋಣ ಎಂದರು. ಎಲ್ಲರೂ ನನ್ನ ಕುರ್ಚಿಯ ಸುತ್ತ ನೆರೆದರು. ಒಂದು ತಂಡ ಸ್ಪಷ್ಟವಾಗಿ ಮೇಲಿತ್ತು. ಎರಡನೇ ಜಾಗಕ್ಕೆ ಒಂದು ತಂಡದ್ದು +0.767, ಇನ್ನೊಂದರದ್ದು +0.678. ನಾನು ಪರದೆಯನ್ನು ತಿರುಗಿಸಿ ತೋರಿಸಿದೆ. ಸೋತ ತಂಡದ ನಾಯಕ ಒಂದು ಕ್ಷಣ ನೋಡಿ, "ಕಂಪ್ಯೂಟರೇ ಹೇಳಿದ್ ಮೇಲೆ ಇನ್ನೇನಣ್ಣ" ಎಂದು ಹುಡುಗರನ್ನು ಕರೆದುಕೊಂಡು ಹೊರಟುಬಿಟ್ಟ.

ಆ ಮಾತು ನನ್ನಲ್ಲಿ ಉಳಿದುಕೊಂಡಿತು. ಸಮ ಬಂದವರನ್ನು ಬೇರೆ ಮಾಡುವ ಕೆಲಸ ಕಂಪ್ಯೂಟರಿಗಿಂತ ಎಷ್ಟು ಹಳೆಯದು, ಅದನ್ನು ಯಾರು ಯಾರು ಹೇಗೆ ಮಾಡಿದ್ದಾರೆ ಎಂದು ಹುಡುಕುತ್ತಾ ಹೋದೆ. ಹೋದಷ್ಟೂ ಒಂದು ವಿಷಯ ನಿಚ್ಚಳವಾಯಿತು. ಅಂಕ ಕೂಡುವುದು ಲೆಕ್ಕ. ಸಮ ಬಂದವರಲ್ಲಿ ಒಬ್ಬರನ್ನು ಮೇಲಿಡುವುದು ಲೆಕ್ಕವಲ್ಲ, ತೀರ್ಮಾನ. ಆಟದಲ್ಲಿ ಯಾವುದಕ್ಕೆ ಹೆಚ್ಚು ಬೆಲೆ ಎಂಬ ತೀರ್ಮಾನ. ಲೆಕ್ಕದ ಬಟ್ಟೆ ಹಾಕಿಕೊಂಡು ಬರುವುದರಿಂದ ನಮಗೆ ಅದರ ಗುರುತು ಸಿಗುವುದಿಲ್ಲ.

ಕರ್ನಾಟಕದ ಕ್ರಿಕೆಟ್ಟಿನ ಅತಿ ದೊಡ್ಡ ಸಂತೋಷ ಇಂಥ ಒಂದು ತೀರ್ಮಾನದ ಮೇಲೆಯೇ ನಿಂತಿದೆ. ರಣಜಿ ಟ್ರೋಫಿಯ ನಾಕೌಟ್ ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸಿನಲ್ಲಿ ಮುಂದಿದ್ದವರು ಗೆದ್ದಂತೆ. ಬಾಂಬೆ ತಂಡ 1958-59ರಿಂದ ಸತತ ಹದಿನೈದು ವರ್ಷ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. 1974ರ ಸೆಮಿಫೈನಲ್ ಬೆಂಗಳೂರಿನಲ್ಲಿ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಇನ್ನೂ ಕೆಲವೇ ತಿಂಗಳು. ಪ್ರಸನ್ನ ನಾಯಕ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ತಂಡದ ಒಟ್ಟು 385. ಬಾಂಬೆ 307ಕ್ಕೆ ನಿಂತಿತು. ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದ ಚೆಂಡಿನ ಬಗ್ಗೆ, ವಾಡೇಕರ್ ರನೌಟ್ ಆದದ್ದರ ಬಗ್ಗೆ ಹಿರಿಯರು ಇಂದಿಗೂ ಮಾತಾಡುತ್ತಾರೆ. ಆದರೆ ಆ ಪಂದ್ಯವನ್ನು ಕರ್ನಾಟಕ ಪೂರ್ತಿಯಾಗಿ ಗೆಲ್ಲಲಿಲ್ಲ. ಮೊದಲ ಇನಿಂಗ್ಸಿನ 78 ರನ್ ಮುನ್ನಡೆ ನಮ್ಮನ್ನು ಫೈನಲ್ಲಿಗೆ ಒಯ್ದಿತು. ಅಲ್ಲಿಂದ ಜೈಪುರಕ್ಕೆ ಹೋಗಿ ರಾಜಸ್ಥಾನವನ್ನು ಸೋಲಿಸಿ ರಾಜ್ಯ ಮೊದಲ ಬಾರಿಗೆ ರಣಜಿ ಟ್ರೋಫಿ ತಂದಿತು.

ಎಂಟು ವರ್ಷಗಳ ಬಳಿಕ ಅದೇ ನಿಯಮ ತಿರುಗಿ ಬಿತ್ತು. 1982ರ ಫೈನಲ್, ದೆಹಲಿಯ ಫಿರೋಜ್ ಷಾ ಕೋಟ್ಲಾ. ಕರ್ನಾಟಕ ಮೊದಲು ಆಡಿ 705 ರನ್ ಪೇರಿಸಿತು. ಏಳುನೂರ ಐದು ರನ್ ಹೊಡೆದ ಮೇಲೆ ಸೋಲಿನ ಮಾತೆಲ್ಲಿ? ಮೊಹಿಂದರ್ ಅಮರನಾಥ್ 185 ಹೊಡೆದರೂ ದೆಹಲಿ 589ಕ್ಕೆ ಎಂಟು ವಿಕೆಟ್ ಕಳೆದುಕೊಂಡಿತು. ಮುಂದಿನದು ಬಾಲಂಗೋಚಿಗಳ ಕೆಲಸ. ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಔಟಾಗದೆ 118 ರನ್ ಸೇರಿಸಿದರು. ದೆಹಲಿ 8 ವಿಕೆಟ್ಟಿಗೆ 707. ಎರಡನೇ ಇನಿಂಗ್ಸಿನ ಮಾತೇ ಬರಲಿಲ್ಲ. ಟ್ರೋಫಿ ಎರಡು ರನ್ನಿನಿಂದ ದೆಹಲಿಯ ಪಾಲಾಯಿತು.

ಮೊದಲ ಇನಿಂಗ್ಸಿಗೆ ಬೆಲೆ ಎಂದು ನಿಯಮ ಬರೆದರೆ ಆಟಗಾರರೂ ಆ ಬೆಲೆಗೆ ತಕ್ಕಂತೆಯೇ ಆಡುತ್ತಾರೆ. ಎದುರಾಳಿಯನ್ನು ಎರಡು ಸಲ ಔಟ್ ಮಾಡುವ ಗೊಡವೆ ಬೇಡ, ಒಂದು ಸಲ ಹೆಚ್ಚು ಹೊಡೆದರೆ ಸಾಕು. ಸಮ ಬಿಡಿಸುವ ನಿಯಮ ಕೊನೆಯಲ್ಲಿ ಮಾತ್ರ ಕೆಲಸ ಮಾಡುವಂತೆ ಕಾಣುತ್ತದೆ. ನಿಜದಲ್ಲಿ ಅದು ಮೊದಲ ಚೆಂಡಿನಿಂದಲೇ ಮೈದಾನದಲ್ಲಿರುತ್ತದೆ.

ಈ ಸಮಸ್ಯೆಯನ್ನು ಕ್ರಿಕೆಟ್ಟಿಗಿಂತ ಮೊದಲೇ ತಲೆಗೆ ಹಚ್ಚಿಕೊಂಡವರು ಚೆಸ್ ಆಟದವರು. ಎಲ್ಲರೂ ಎಲ್ಲರೊಡನೆ ಆಡುವ ಪಂದ್ಯಾವಳಿಯಲ್ಲಿ ಗೆಲುವಿಗೆ ಒಂದು, ಡ್ರಾಗೆ ಅರ್ಧ ಅಂಕ. ಇಬ್ಬರು ಸಮ ಬಂದರೆ? 19ನೇ ಶತಮಾನದ ಕೊನೆಯಲ್ಲಿ ಯೂರೋಪಿನಲ್ಲಿ ಒಂದು ಉಪಾಯ ಹೊಳೆಯಿತು. ನೀನು ಯಾರನ್ನು ಸೋಲಿಸಿದೆಯೋ ಅವರ ಒಟ್ಟು ಅಂಕವನ್ನು ಪೂರ್ತಿಯಾಗಿ, ಯಾರೊಡನೆ ಡ್ರಾ ಮಾಡಿಕೊಂಡೆಯೋ ಅವರ ಅಂಕದಲ್ಲಿ ಅರ್ಧವನ್ನು ನಿನ್ನ ಖಾತೆಗೆ ಹಾಕಿಕೋ. ಆರು ಅಂಕದವನನ್ನು ಸೋಲಿಸಿದರೆ ಆರು, ಐದು ಅಂಕದವನೊಡನೆ ಡ್ರಾ ಆದರೆ ಎರಡೂವರೆ. ದುರ್ಬಲರನ್ನು ಬಡಿದವನಿಗಿಂತ ಬಲಿಷ್ಠರನ್ನು ಮಣಿಸಿದವನು ಮೇಲೆ ಎಂಬುದು ಇದರ ಹಿಂದಿರುವ ನ್ಯಾಯ. ಗೆಲ್ಬ್‌ಫೂಸ್, ನಾಯ್‌ಸ್ಟಾಟ್ಲ್ ಮುಂತಾದವರು ಇದನ್ನು ರೂಪಿಸಿದರು. ಇದು ಸಾಲದು, ಆಟಗಾರನ ಸ್ವಂತ ಅಂಕಕ್ಕೂ ಲೆಕ್ಕದಲ್ಲಿ ಜಾಗವಿರಬೇಕು ಎಂದು ಟೀಕೆ ಮಾಡಿದವರು ಸೊನ್ನೆಬಾರ್ನ್ ಮತ್ತು ಬರ್ಗರ್. ಕಾಲ ಎಂಥ ತಮಾಷೆ ಮಾಡಿತು ನೋಡಿ: ಇವತ್ತು ಜಗತ್ತಿನ ತುಂಬ ಆ ಪದ್ಧತಿಗೆ ಇರುವ ಹೆಸರು ಸೊನ್ನೆಬಾರ್ನ್-ಬರ್ಗರ್. ಒಪ್ಪದವರ ಹೆಸರೇ ಅಂಟಿಕೊಂಡಿತು.

ಆ ಉಪಾಯವೇ ಕೊನೆಯ ಮಾತಾಗಲಿಲ್ಲ. 2013ರಲ್ಲಿ ಲಂಡನ್ನಿನ ಕ್ಯಾಂಡಿಡೇಟ್ಸ್ ಪಂದ್ಯಾವಳಿಯಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ವ್ಲಾದಿಮಿರ್ ಕ್ರಾಮ್ನಿಕ್ ಹದಿನಾಲ್ಕು ಸುತ್ತಿನಲ್ಲಿ ತಲಾ ಎಂಟೂವರೆ ಅಂಕ ಪಡೆದರು. ಅವರಿಬ್ಬರ ನಡುವಿನ ಆಟಗಳೂ ಸಮ. ಮುಂದಿನ ನಿಯಮ, ಯಾರು ಹೆಚ್ಚು ಆಟ ಗೆದ್ದಿದ್ದಾರೆ ಎಂಬುದು. ಕಾರ್ಲ್‌ಸನ್ ಐದು, ಕ್ರಾಮ್ನಿಕ್ ನಾಲ್ಕು. ಹೆಚ್ಚು ಗೆದ್ದವನು ಹೆಚ್ಚು ಸೋತೂ ಇರುತ್ತಾನಲ್ಲ, ಅಂಕ ಒಂದೇ ಆಗಿರುವಾಗ? ಹೌದು. ಸೋಲುವ ಅಪಾಯ ಹೊತ್ತು ಗೆಲುವಿಗೆ ಆಡುವವನೇ ಮೇಲು ಎಂದು ನಿಯಮ ಬರೆದವರು ತೀರ್ಮಾನಿಸಿದ್ದರು. ಸೋಲದಿರುವುದೇ ದೊಡ್ಡದೆಂದು ಬರೆದಿದ್ದರೆ ಆ ನವೆಂಬರಿನಲ್ಲಿ ಚೆನ್ನೈಯಲ್ಲಿ ವಿಶ್ವನಾಥನ್ ಆನಂದ್ ಎದುರು ಕೂರುತ್ತಿದ್ದವರು ಕ್ರಾಮ್ನಿಕ್. ಕಾರ್ಲ್‌ಸನ್ ಕೂತರು, ಗೆದ್ದರು, ಒಂದು ಯುಗವೇ ಶುರುವಾಯಿತು.

ಕ್ರಿಕೆಟ್ಟಿನಲ್ಲಿ ನಿಯಮ ಬದಲಾದಂತೆ ವಿಜೇತರೂ ಬದಲಾಗುವುದಕ್ಕೆ ಎರಡು ಪಂದ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 1987ರ ಮಾರ್ಚಿನಲ್ಲಿ ಹೈದರಾಬಾದಿನ ಏಕದಿನ ಪಂದ್ಯದಲ್ಲಿ ಭಾರತ, ಪಾಕಿಸ್ತಾನ ಎರಡೂ 212 ರನ್. ಭಾರತ ಕಳೆದುಕೊಂಡದ್ದು ಆರು ವಿಕೆಟ್, ಪಾಕಿಸ್ತಾನ ಏಳು. ಕಡಿಮೆ ವಿಕೆಟ್ ಕಳೆದುಕೊಂಡ ಭಾರತ ಗೆದ್ದಿತು. 2019ರ ಜುಲೈ 14ರಂದು ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್. ಇಂಗ್ಲೆಂಡ್, ನ್ಯೂಜಿಲೆಂಡ್ ಎರಡೂ 241. ಸೂಪರ್ ಓವರಿನಲ್ಲೂ ತಲಾ 15. ಆಗ ಬೌಂಡರಿ ಎಣಿಸಿದರು. ಇಂಗ್ಲೆಂಡಿನದು 26, ನ್ಯೂಜಿಲೆಂಡಿನದು 17. ಕಪ್ ಇಂಗ್ಲೆಂಡಿಗೆ ಹೋಯಿತು. ಹೈದರಾಬಾದಿನ ನಿಯಮ ಲಾರ್ಡ್ಸ್‌ನಲ್ಲಿ ಇದ್ದಿದ್ದರೆ? ನ್ಯೂಜಿಲೆಂಡ್ ಕಳೆದುಕೊಂಡದ್ದು ಎಂಟು ವಿಕೆಟ್, ಇಂಗ್ಲೆಂಡ್ ಹತ್ತೂ ಕಳೆದುಕೊಂಡಿತ್ತು. ಕೆಲವೇ ತಿಂಗಳಲ್ಲಿ ಐಸಿಸಿ ಬೌಂಡರಿ ಎಣಿಕೆಯನ್ನು ಕೈಬಿಟ್ಟಿತು. ಸೂಪರ್ ಓವರ್ ಸಮವಾದರೆ ಇನ್ನೊಂದು ಸೂಪರ್ ಓವರ್ ಎಂದಿತು. ಅಂದಿನ ಫಲಿತಾಂಶ ಮಾತ್ರ ಹಾಗೆಯೇ ಉಳಿಯಿತು.

ಒಂದೇ ಪಂದ್ಯದ ಸಮಕ್ಕೆ ಇವು ಮದ್ದು. ಹಲವು ಪಂದ್ಯಗಳ ಲೀಗಿನಲ್ಲಿ ನೆಲೆನಿಂತದ್ದು ನೆಟ್ ರನ್ ರೇಟ್. ಒಟ್ಟು ಹೊಡೆದ ರನ್ನನ್ನು ಆಡಿದ ಓವರಿನಿಂದ ಭಾಗಿಸು. ಒಟ್ಟು ಬಿಟ್ಟುಕೊಟ್ಟ ರನ್ನನ್ನು ಎಸೆದ ಓವರಿನಿಂದ ಭಾಗಿಸು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆ. ತಂಡ ಆಲೌಟ್ ಆದರೆ ನಿಂತ ಓವರಲ್ಲ, ಪೂರ್ತಿ ಓವರ್ ಲೆಕ್ಕಕ್ಕೆ. ಸರಳವಾಗಿ ಕಾಣುವ ಈ ಸೂತ್ರವೂ ಆಟದೊಳಗೆ ಕೈ ಹಾಕುತ್ತದೆ. 1999ರ ವಿಶ್ವಕಪ್ಪಿನಲ್ಲಿ ಮ್ಯಾಂಚೆಸ್ಟರಿನಲ್ಲಿ ವೆಸ್ಟ್ ಇಂಡೀಸ್ 110ಕ್ಕೆ ಮುಗಿದಿತ್ತು. ಆಸ್ಟ್ರೇಲಿಯಾ 111 ಹೊಡೆಯಲು 40.4 ಓವರ್ ತೆಗೆದುಕೊಂಡಿತು. ವೆಸ್ಟ್ ಇಂಡೀಸಿನ ರೇಟು ಬೀಳದಂತೆ ಕಾಯ್ದು, ತಮ್ಮನ್ನು ಸೋಲಿಸಿದ್ದ ನ್ಯೂಜಿಲೆಂಡನ್ನು ಹೊರಗಿಡುವ ಎಣಿಕೆ ಅದು. ಎಣಿಕೆ ಫಲಿಸಲಿಲ್ಲ, ನ್ಯೂಜಿಲೆಂಡ್ ಮುಂದೆ ಹೋಯಿತು.

ಅದೇ ಸೂತ್ರ ಬೆಂಗಳೂರಿಗೆ ಒಂದು ಮರೆಯಲಾಗದ ರಾತ್ರಿಯನ್ನೂ ಕೊಟ್ಟಿತು. 2024ರ ಮೇ 18, ಚಿನ್ನಸ್ವಾಮಿ ಕ್ರೀಡಾಂಗಣ. ಆರ್‌ಸಿಬಿ 218 ಹೊಡೆದಿತ್ತು. ಚೆನ್ನೈಗೆ ಗೆಲ್ಲಲು 219 ಬೇಕು, ಪ್ಲೇಆಫ್ ಸೇರಲು 201 ಸಾಕು. ಹಾಗಾಗಿ ಕೊನೆಯ ಓವರಿನಲ್ಲಿ ಮೈದಾನದಲ್ಲಿ ಎರಡು ಪಂದ್ಯ ನಡೆಯುತ್ತಿದ್ದವು, ಒಂದಕ್ಕೆ 35 ರನ್, ಇನ್ನೊಂದಕ್ಕೆ 17. ಜನ ಉಸಿರು ಬಿಗಿಹಿಡಿದದ್ದು ಎರಡನೆಯದಕ್ಕೆ. ಮೊದಲ ಚೆಂಡಿಗೆ ಧೋನಿ ಸಿಕ್ಸರ್ ಎತ್ತಿದರು, ಎರಡನೆಯದಕ್ಕೆ ಯಶ್ ದಯಾಳ್ ಅವರಿಗೆ ವಿಕೆಟ್ ಒಪ್ಪಿಸಿದರು. ಚೆನ್ನೈ 191ಕ್ಕೆ ನಿಂತಿತು. ಲೀಗ್ ಮುಗಿದಾಗ ಹದಿನಾಲ್ಕು ಅಂಕದಲ್ಲಿ ನಾಲ್ಕು ತಂಡಗಳಿದ್ದವು. ಆರ್‌ಸಿಬಿಯ ರೇಟು +0.459, ಚೆನ್ನೈಯದು +0.392. ದಶಮಾಂಶದ ಬಲಗಡೆಯ ಅಂಕಿಗಳಿಗಾಗಿ ಬೆಂಗಳೂರಿನ ಬೀದಿಗಳಲ್ಲಿ ಪಟಾಕಿ ಹೊಡೆದರು.

ಈ ಲೆಕ್ಕವನ್ನೆಲ್ಲ ಒಂದು ಕಾಲದಲ್ಲಿ ರೂಲು ಹಾಳೆಯ ಮೇಲೆ ತಖ್ತೆ ಎಳೆದು ಮಾಡುತ್ತಿದ್ದರು. ಒಂದು ಮನೆಯ ಅಂಕಿ ಬದಲಾದರೆ ಕೆಳಗಿನ ಮೊತ್ತ, ಪಕ್ಕದ ಮೊತ್ತ ಎಲ್ಲವನ್ನೂ ಅಳಿಸಿ ಬರೆಯಬೇಕಿತ್ತು. ಆ ಕಷ್ಟವನ್ನು ತಪ್ಪಿಸಿದವರು ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್. ಅವರ ವಿಸಿಕ್ಯಾಲ್ಕ್ 1979ರಲ್ಲಿ ಆ್ಯಪಲ್ ಕಂಪ್ಯೂಟರಿನ ಮೇಲೆ ಬಂತು. 1983ರಲ್ಲಿ ಲೋಟಸ್, 1985ರಲ್ಲಿ ಎಕ್ಸೆಲ್. ಹುಟ್ಟಿದ್ದು ವ್ಯಾಪಾರದ ಲಾಭ-ನಷ್ಟಕ್ಕೆ. ಈಗ ಮದುವೆಯ ಮುಯ್ಯಿಯಿಂದ ಹಿಡಿದು ಶಾಲೆಯ ಬಿಸಿಯೂಟದ ಲೆಕ್ಕದವರೆಗೆ ಅದೇ. ಚೆಸ್ಸಿನ ಆ ನೂರು ವರ್ಷದ ಹಳೆಯ ಲೆಕ್ಕ ಈಗ ಒಂದೇ ಸಾಲಿನ ಸೂತ್ರ: ಆಟಗಾರನ ಸಾಲಿನ ಪ್ರತಿ ಅಂಕವನ್ನೂ ಆಯಾ ಎದುರಾಳಿಯ ಒಟ್ಟು ಅಂಕದಿಂದ ಗುಣಿಸಿ ಎಲ್ಲವನ್ನೂ ಕೂಡು. ಸಮ್‌ಪ್ರಾಡಕ್ಟ್ ಎಂಬ ಸೂತ್ರ ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತದೆ.

ಆದರೆ ಸಮ ಬಂದವರ ಮುಂದೆ ಈ ತಖ್ತೆ ಏನು ಮಾಡುತ್ತದೆ ಎಂಬುದನ್ನು ಬಳಸುವವರು ತಿಳಿದಿರಬೇಕು. ರ‍್ಯಾಂಕ್ ಎಂಬ ಸೂತ್ರ ಪ್ರಾಮಾಣಿಕ. ಇಬ್ಬರು ಎರಡನೇ ಸ್ಥಾನದಲ್ಲಿ ಸಮವಿದ್ದರೆ ಇಬ್ಬರಿಗೂ ಎರಡು ಎಂದೇ ಬರೆದು ಮುಂದಿನವನಿಗೆ ನಾಲ್ಕು ಕೊಡುತ್ತದೆ. ತೊಂದರೆ ಅಲ್ಲಿಂದ ಮುಂದೆ. ಮೂರನೇ ಸ್ಥಾನದವನ ಹೆಸರು ಹುಡುಕಿ ಬರೆ ಎಂದರೆ ಅಂಥವನೇ ಇಲ್ಲವಲ್ಲ, ಆ ಮನೆಯಲ್ಲಿ ದೋಷದ ಗುರುತು ಬೀಳುತ್ತದೆ. ಅದು ನೋಡಲು ಚೆನ್ನಾಗಿರುವುದಿಲ್ಲ. ಆಗ ಜನ ಒಂದು ಒಳದಾರಿ ಹಿಡಿಯುತ್ತಾರೆ. ಇದೇ ಅಂಕ ಮೇಲಿನ ಸಾಲುಗಳಲ್ಲಿ ಎಷ್ಟು ಸಲ ಬಂದಿದೆ ಎಂದು ಕೌಂಟಿಫ್ ಸೂತ್ರದಿಂದ ಎಣಿಸಿ, ಅಷ್ಟನ್ನು ಸ್ಥಾನಕ್ಕೆ ಕೂಡಿಸುತ್ತಾರೆ. ಪಟ್ಟಿ ಒಂದು, ಎರಡು, ಮೂರು, ನಾಲ್ಕು ಎಂದು ಅಚ್ಚುಕಟ್ಟಾಗಿ ನಿಲ್ಲುತ್ತದೆ. ಆಗಿದ್ದೇನು? ಸಮ ಬಂದ ಇಬ್ಬರಲ್ಲಿ ಯಾರ ಹೆಸರು ಮೊದಲು ಟೈಪಾಗಿತ್ತೋ ಅವನು ಗೆದ್ದ. ಬೆಳಿಗ್ಗೆ ಎಂಟ್ರಿ ಫೀ ಮೊದಲು ಕಟ್ಟಿದವನು, ಇಲ್ಲವೇ ಅಕ್ಷರಮಾಲೆಯಲ್ಲಿ ಮುಂದಿರುವ ಊರಿನವನು. ಆ ನಿಯಮವನ್ನು ಯಾವ ಸಭೆಯೂ ಒಪ್ಪಿಲ್ಲ, ಯಾವ ಮೈಕಿನಲ್ಲೂ ಹೇಳಿಲ್ಲ.

ಇನ್ನೊಂದು ಒಳದಾರಿಯಿದೆ. ಅಂಕವನ್ನು ನೂರರಿಂದ ಗುಣಿಸಿ ಅದಕ್ಕೆ ಪಾಯಿಂಟಿನ ಅಂತರವನ್ನು ಕೂಡಿ ಒಂದೇ ಸಂಖ್ಯೆ ಮಾಡುವುದು. ಹತ್ತರ ಮನೆ, ನೂರರ ಮನೆ ಬೇರೆಬೇರೆ ಇದ್ದ ಹಾಗೆ. ಇದು ನಡೆಯುತ್ತದೆ, ಅಂತರ ನೂರು ದಾಟದಿದ್ದರೆ. ಕಬಡ್ಡಿಯಲ್ಲಿ ನಾಲ್ಕೈದು ಪಂದ್ಯ ದೊಡ್ಡದಾಗಿ ಗೆದ್ದ ತಂಡದ ಒಟ್ಟು ಅಂತರ ನೂರು ದಾಟಿತೆನ್ನಿ, ಅದು ಅಂಕದ ಮನೆಗೆ ಉಕ್ಕಿ ಹರಿದು ಹೆಚ್ಚು ಅಂಕ ಇರುವವರನ್ನೇ ಕೆಳಗೆ ತಳ್ಳುತ್ತದೆ. ಹಾಗಾಗಿ ಮೊದಲು ಅಂಕದಿಂದ, ಸಮವಿದ್ದಲ್ಲಿ ಮಾತ್ರ ಅಂತರದಿಂದ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುವುದೇ ಕ್ಷೇಮ.

ಈಗ ನನ್ನ ತಖ್ತೆಗೆ ಬರುತ್ತೇನೆ. ಪಂದ್ಯಾವಳಿ ಮುಗಿದು ಮೂರು ವಾರವಾಗಿತ್ತು. ಅಂದು ಶಾಮಿಯಾನದ ಮೂಲೆಯಲ್ಲಿ ಕೂತು ಪುಸ್ತಕದಲ್ಲಿ ಸ್ಕೋರು ಬರೆದಿದ್ದ ಹಿರಿಯರೊಬ್ಬರು ಮನೆಗೆ ಬಂದರು. ಕೈಯಲ್ಲಿ ಅದೇ ನೋಟ್‌ಬುಕ್ಕು. ಯಾಕೋ ಮನಸ್ಸಿಗೆ ಸಮಾಧಾನವಾಗದೆ ಕೈಲೆಕ್ಕ ಹಾಕಿ ನೋಡಿದ್ದರು.

"ಮಗಾ, ಆರು ಓವರ್ ಐದು ಬಾಲು ಅಂದ್ರೆ ಇನ್ನೊಂದು ಬಾಲಿಗೆ ಏಳು ಓವರ್ ಆಯ್ತದೆ. ನಿನ್ ಕಂಪ್ಯೂಟ್ರು ಅದನ್ನ ಆರೂವರೆ ಅಂತ ತಿಳ್ಕೊಂಡೈತಲ್ಲ!"

ನಾನು ಮನೆಯೊಳಗೆ 6.5 ಎಂದು ಟೈಪು ಮಾಡಿದ್ದೆ. ಕ್ರಿಕೆಟ್ಟಿನಲ್ಲಿ ಚುಕ್ಕಿಯ ಬಲಗಡೆ ಇರುವುದು ಚೆಂಡು, ಆರಕ್ಕೆ ಒಂದು ಓವರ್. ತಖ್ತೆಗೆ ಅದು ದಶಮಾಂಶ, ಹತ್ತಕ್ಕೆ ಒಂದು. ನಮ್ಮ ಕಡೆಯ ಯಾವ ರೈತನೂ ಈ ತಪ್ಪು ಮಾಡಲಾರ. ಪಹಣಿಯಲ್ಲಿ 2-20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ, ಅಂದರೆ ಎರಡೂವರೆ ಎಕರೆ ಎಂದು ಓದು ಬಾರದವರೂ ಹೇಳುತ್ತಾರೆ. ಓದಿದ ನಾನು ಮಾಡಿದ್ದೆ.

ಇಬ್ಬರೂ ಕೂತು ಮತ್ತೆ ಲೆಕ್ಕ ಹಾಕಿದೆವು. ನಾನು ಫೈನಲ್ಲಿಗೆ ಕಳಿಸಿದ ತಂಡ ಹೊಡೆದದ್ದು 186 ರನ್. ಆಡಿದ್ದು ಎಂಟು, ಎಂಟು, ಮತ್ತೆ ಆರು ಓವರ್ ಐದು ಚೆಂಡು. ನಿಜದಲ್ಲಿ ಅದು 22.833 ಓವರ್. ನನ್ನ ತಖ್ತೆ ಹಿಡಿದದ್ದು 22.5. ಬಿಟ್ಟುಕೊಟ್ಟದ್ದು 24 ಓವರಿನಲ್ಲಿ 180. ಸರಿಯಾದ ರೇಟು +0.646, ನಾನು ತೋರಿಸಿದ್ದು +0.767. ಹೊರಗೆ ಹೋದ ತಂಡ ಗುರಿ ಮುಟ್ಟಿದ ಪಂದ್ಯವನ್ನು ಸರಿಯಾಗಿ ಏಳು ಓವರಿಗೆ ಮುಗಿಸಿತ್ತು. ಅಲ್ಲಿ ಚುಕ್ಕಿಯೇ ಇರಲಿಲ್ಲವಾಗಿ ತಪ್ಪೂ ಇರಲಿಲ್ಲ. 23 ಓವರಿಗೆ 190, ಬಿಟ್ಟುಕೊಟ್ಟದ್ದು 24 ಓವರಿಗೆ 182, ರೇಟು +0.678. ಫೈನಲ್ ಆಡಬೇಕಾಗಿದ್ದವರು ಅವರು.

ತಪ್ಪು ಒಂದು ಮನೆಯಲ್ಲಿತ್ತು. ಆದರೆ ಅದನ್ನು ಯಾರೂ ಪ್ರಶ್ನಿಸದಂತೆ ಮಾಡಿದ್ದು ಪರದೆಯ ಮೇಲಿನ ಮೂರು ದಶಮಾಂಶ. ನಾನು ಬಾಯಿಮಾತಿನಲ್ಲಿ ಹೇಳಿದ್ದರೆ ಆ ಹುಡುಗರು ಜಗಳಕ್ಕೆ ನಿಲ್ಲುತ್ತಿದ್ದರು. ನೋಟ್‌ಬುಕ್ಕು ಈಸಿಕೊಂಡು ನೋಡುತ್ತಿದ್ದರು, ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. ರಣಜಿಯ ಎರಡು ರನ್ನನ್ನೂ ಲಾರ್ಡ್ಸ್‌ನ ಬೌಂಡರಿಗಳನ್ನೂ ಜನ ವರ್ಷಗಟ್ಟಲೆ ಜಗಳವಾಡಲು ಸಾಧ್ಯವಾದದ್ದು ನಿಯಮ ಎಲ್ಲರ ಕಣ್ಣಿಗೂ ಕಾಣುತ್ತಿದ್ದುದರಿಂದ. ಬೌಂಡರಿ ನಿಯಮ ಬದಲಾದದ್ದೂ ಆ ಜಗಳದಿಂದಲೇ.

ಒಂದು ಭಾನುವಾರ ಆ ಊರಿಗೆ ಹೋದೆ. ನಾಯಕ ಟ್ರ್ಯಾಕ್ಟರ್ ಕೆಳಗೆ ಮಲಗಿ ಏನೋ ಬಿಚ್ಚುತ್ತಿದ್ದ. ವಿಷಯ ಹೇಳಿದೆ, ಹಾಳೆ ತೋರಿಸಿದೆ. ಕೈಯ ಗ್ರೀಸ್ ಒರೆಸಿಕೊಂಡು ಹಾಳೆಯನ್ನು ಎರಡು ಸಲ ನೋಡಿದ.

"ಹೋಗ್ಲಿ ಬಿಡಣ್ಣ. ಅವತ್ತೇ ಚೀಟಿ ಎತ್ತಿದ್ರೆ, ಸೋತಿದ್ರೂ ಬೇಜಾರ್ ಇರ್ತಿರ್ಲಿಲ್ಲ" ಎಂದ.

ಅವನ ಮಾತನ್ನು ನಮ್ಮ ದೇಶದ ಕಾನೂನೂ ಒಪ್ಪುತ್ತದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಕಲಮಿನ ಪ್ರಕಾರ ಇಬ್ಬರು ಅಭ್ಯರ್ಥಿಗಳಿಗೆ ಸಮಾನ ಮತ ಬಂದರೆ ಚುನಾವಣಾಧಿಕಾರಿ ಚೀಟಿ ಎತ್ತಬೇಕು. ಯಾರ ಹೆಸರು ಬಂತೋ ಅವರಿಗೆ ಒಂದು ಮತ ಹೆಚ್ಚು ಬಂದಂತೆ. ಚೀಟಿ ಯಾರು ಉತ್ತಮರೆಂದು ಹೇಳುವುದಿಲ್ಲ, ಹೇಳುವಂತೆ ನಟಿಸುವುದೂ ಇಲ್ಲ. ಎಲ್ಲರ ಕಣ್ಣೆದುರು ಮಡಚಿ, ಎಲ್ಲರ ಕಣ್ಣೆದುರು ಬಿಚ್ಚುತ್ತಾರೆ.

ಈಗಲೂ ಅಂಕಪಟ್ಟಿ ಬರೆಯುವುದು ನಾನೇ, ತಖ್ತೆಯಲ್ಲೇ. ಓವರಿಗೆ ಒಂದು ಕಾಲಂ, ಚೆಂಡಿಗೆ ಇನ್ನೊಂದು. ಚೆಂಡನ್ನು ಆರರಿಂದ ಭಾಗಿಸಿ ಓವರಿಗೆ ಕೂಡುವ ಸೂತ್ರ ಮೂರನೆಯದರಲ್ಲಿ. ಸಮ ಬಂದರೆ ಏನು ಎಂಬುದನ್ನು ಮೊದಲ ಟಾಸಿಗೂ ಮುಂಚೆ ಮೈಕಿನಲ್ಲಿ ಓದುತ್ತೇವೆ: ಮೊದಲು ಅಂಕ, ಆಮೇಲೆ ಪರಸ್ಪರ ಆಡಿದ ಪಂದ್ಯ, ಆಮೇಲೆ ರನ್ ರೇಟ್, ಅಲ್ಲೂ ಸಮವಾದರೆ ಚೀಟಿ. ಸಂಜೆ ರೇಟು ಬಂದ ಮೇಲೆ ಲ್ಯಾಪ್‌ಟಾಪನ್ನು ಯಾರಿಗೂ ತಿರುಗಿಸಿ ತೋರಿಸುವುದಿಲ್ಲ. ಮೊದಲು ನೋಟ್‌ಬುಕ್ಕು ಹಿಡಿದ ಹಿರಿಯರನ್ನು ಕೇಳುತ್ತೇನೆ, ನಿಮ್ಮದೆಷ್ಟು ಬಂತು ಎಂದು.